ಡೈನೊಸಾರ್ ಮಾದರಿಗಳು ಮತ್ತು ಪ್ರತಿಕೃತಿಗಳು

ವಸ್ತುಸಂಗ್ರಹಾಲಯಗಳಿಗೂ ಸಂಗ್ರಾಹಕರಿಗೂ ತಯಾರಾಗುವ ಡೈನೊಸಾರ್ ರೂಪಗಳಲ್ಲಿ ಮುಖ್ಯವಾಗಿ ಎರಡು ಬಗೆ. ಪಳೆಯುಳಿಕೆಯ ಮೂಳೆಯಿಂದಲೇ ಅಚ್ಚು ತೆಗೆದು ಎರಕ ಹೊಯ್ದದ್ದು ಪ್ರತಿಕೃತಿ. ಮೂಳೆಯ ಮೇಲೆ ಮಾಂಸ, ಚರ್ಮ, ಬಣ್ಣ ಹೇಗಿದ್ದಿರಬಹುದೆಂದು ತರ್ಕಿಸಿ ರೂಪಿಸಿದ್ದು ಮಾದರಿ. ಪ್ರತಿಕೃತಿಯನ್ನು ಮೂಲದ ಪಕ್ಕದಲ್ಲಿಟ್ಟು ಸರಿಯೋ ತಪ್ಪೋ ನೋಡಬಹುದು. ಮಾದರಿಗೆ ಆ ಸೌಕರ್ಯವಿಲ್ಲ. ಹಕ್ಕಿಗಳ ಶಾಖೆಯೊಂದನ್ನು ಬಿಟ್ಟರೆ ಡೈನೊಸಾರ್‌ಗಳೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆಯೇ ಅಳಿದುಹೋಗಿವೆ. ಹಾಗಾಗಿ ವೈಜ್ಞಾನಿಕವಾಗಿ ನಿಖರವಾದ ಮಾದರಿ ಎಂದರೆ ನೋಡಲು ಜೀವಂತವಾಗಿರುವ ಮಾದರಿ ಎಂದಲ್ಲ. ಅದರ ಯಾವ ಭಾಗವನ್ನು ತೋರಿಸಿ ಪುರಾವೆ ಕೇಳಿದರೂ ಉತ್ತರ ಕೊಡಬಲ್ಲ ಮಾದರಿ ಎಂದರ್ಥ.

ಹಿನ್ನೆಲೆ

'ಡೈನೊಸಾರಿಯ' ಎಂಬ ಹೆಸರನ್ನು ರಿಚರ್ಡ್ ಓವನ್ ಬಳಕೆಗೆ ತಂದದ್ದು 1842ರಲ್ಲಿ. ಹನ್ನೆರಡೇ ವರ್ಷಗಳಲ್ಲಿ, 1854ರಲ್ಲಿ, ಲಂಡನ್ನಿನ ಸಿಡೆನ್‌ಹ್ಯಾಮ್‌ನ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನದಲ್ಲಿ ಇಗ್ವಾನೊಡಾನ್, ಮೆಗಲೊಸಾರಸ್, ಹೈಲಿಯೊಸಾರಸ್‌ಗಳ ಪೂರ್ಣ ಗಾತ್ರದ ಮಾದರಿಗಳು ತಲೆಯೆತ್ತಿದವು. ಶಿಲ್ಪಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್. ಸಲಹೆ ಓವನ್ ಅವರದು. ಒಂದು ಇಗ್ವಾನೊಡಾನ್‌ಗೆ ಹಿಡಿದ ಸಾಮಗ್ರಿಯ ಲೆಕ್ಕವನ್ನು ಹಾಕಿನ್ಸ್ ಅವರೇ ಕೊಟ್ಟಿದ್ದಾರೆ: ನಾಲ್ಕು ಕಬ್ಬಿಣದ ಕಂಬ, 600 ಇಟ್ಟಿಗೆ, ಒಂದೂವರೆ ಸಾವಿರಕ್ಕೂ ಹೆಚ್ಚು ಹೆಂಚು, 38 ಪೀಪಾಯಿ ಸಿಮೆಂಟು, 90 ಪೀಪಾಯಿ ಒಡೆದ ಕಲ್ಲು. ನಾಲ್ಕು ಕಂಬಗಳ ಮೇಲೆ ಒಂದು ಮನೆಯನ್ನೇ ಕಟ್ಟಿದಷ್ಟು ಕೆಲಸ. 1853ರ ಡಿಸೆಂಬರ್ 31ರ ರಾತ್ರಿ ಇಗ್ವಾನೊಡಾನ್‌ನ ಅಚ್ಚಿನೊಳಗೇ ಮೇಜು ಹಾಕಿ ವಿದ್ವಾಂಸರಿಗೆ ಔತಣ ಬಡಿಸಲಾಗಿತ್ತು.

ಆ ಇಗ್ವಾನೊಡಾನ್ ನಾಲ್ಕು ಕಾಲಿನ ಭಾರಿ ಮೃಗ. ಮೂಗಿನ ಮೇಲೆ ಖಡ್ಗಮೃಗಕ್ಕಿರುವಂಥ ಕೊಂಬು. ಶಂಕುವಿನಾಕಾರದ ಆ ಮೂಳೆಯೇನೋ ನಿಜವಾದ ಪಳೆಯುಳಿಕೆ. ಅದು ಎಲ್ಲಿಯದು ಎಂಬುದೇ ತಿಳಿದಿರಲಿಲ್ಲ. 1878ರಲ್ಲಿ ಬೆಲ್ಜಿಯಮ್ಮಿನ ಬೆರ್ನಿಸಾರ್ ಕಲ್ಲಿದ್ದಲ ಗಣಿಯಲ್ಲಿ, 300 ಮೀಟರಿಗೂ ಆಳದಲ್ಲಿ, ಇಗ್ವಾನೊಡಾನ್ ಅಸ್ಥಿಪಂಜರಗಳ ರಾಶಿಯೇ ಸಿಕ್ಕಿತು. ಅವನ್ನು ಅಭ್ಯಾಸ ಮಾಡಿದ ಲೂಯಿ ಡೊಲ್ಲೊ, ಕೊಂಬೆಂದುಕೊಂಡದ್ದು ಮುಂಗೈಯ ಹೆಬ್ಬೆರಳಿನ ಮೊನೆ ಎಂದು ತೋರಿಸಿದರು. ಆದರೆ 1882ರಿಂದ ಅವರು ಜೋಡಿಸಿ ನಿಲ್ಲಿಸಿದ ಅಸ್ಥಿಪಂಜರಗಳೂ ಪೂರ್ತಿ ಸರಿಯಿರಲಿಲ್ಲ. ಕಾಂಗರೂವಿನಂತೆ ನೆಟ್ಟಗೆ ನಿಲ್ಲಿಸಬೇಕಾದರೆ ಬಾಲವನ್ನು ನೆಲಕ್ಕೆ ಬಾಗಿಸಬೇಕಿತ್ತು. ಮೂಳೆಯಂತೆ ಗಟ್ಟಿಯಾದ ಸ್ನಾಯುರಜ್ಜುಗಳು ಆ ಬಾಲವನ್ನು ನೇರವಾಗಿ ಬಿಗಿದಿದ್ದವು. ಮುರಿಯದೆ ಅದು ಹಾಗೆ ಬಾಗದು ಎಂದು ಡೇವಿಡ್ ನಾರ್ಮನ್ 1980ರಲ್ಲಿ ವಿವರಿಸಿದರು. ಇಂದಿನ ಮಾದರಿಗಳಲ್ಲಿ ಇಗ್ವಾನೊಡಾನ್‌ನ ಬೆನ್ನು ನೆಲಕ್ಕೆ ಸಮಾನಾಂತರ, ಬಾಲ ಗಾಳಿಯಲ್ಲಿ, ಮುಂಗಾಲು ಆಗಾಗ ನೆಲದ ಮೇಲೆ. ಸಿಡೆನ್‌ಹ್ಯಾಮ್‌ನ ಮಾದರಿಗಳನ್ನು ಮಾತ್ರ ತಿದ್ದದೆ ಇದ್ದಂತೆಯೇ ಕಾಪಾಡಿಕೊಂಡು ಬರಲಾಗಿದೆ, ಮತ್ತು ಅದೇ ಸರಿ. ಅವು ಆ ಕಾಲದ ತಿಳಿವಳಿಕೆಯ ದಾಖಲೆಗಳು.

ಅಮೆರಿಕದ ಫಿಲಡೆಲ್ಫಿಯದಲ್ಲಿ 1868ರಲ್ಲಿ ಹಾಕಿನ್ಸ್ ಅವರೇ ಜೋಡಿಸಿದ ಹ್ಯಾಡ್ರೊಸಾರಸ್, ಸಾರ್ವಜನಿಕರ ಮುಂದೆ ನಿಂತ ಮೊದಲ ಡೈನೊಸಾರ್ ಅಸ್ಥಿಪಂಜರ. ತಲೆಬುರುಡೆ ಸಿಕ್ಕಿರಲಿಲ್ಲವಾದ್ದರಿಂದ ಇಗ್ವಾನ ಎಂಬ ಹಲ್ಲಿಯ ತಲೆಯನ್ನು ನೋಡಿ ಒಂದನ್ನು ಮಾಡಿ ಕೂರಿಸಿದರು. ತಲೆಯ ತೊಂದರೆ ಮುಂದೆಯೂ ಕಾಡಿತು. ನ್ಯೂಯಾರ್ಕಿನ ವಸ್ತುಸಂಗ್ರಹಾಲಯ 1905ರಲ್ಲಿ ನಿಲ್ಲಿಸಿದ 'ಬ್ರಾಂಟೊಸಾರಸ್' ಹೊತ್ತಿದ್ದು ಕ್ಯಾಮರಸಾರಸ್‌ನ ಮುಖಲಕ್ಷಣದ ಕೈಕೆಲಸದ ತಲೆ. ಅದರ ನಿಜವಾದ ತಲೆ ಡಿಪ್ಲೊಡೋಕಸ್‌ನಂತೆ ಉದ್ದಮೂತಿಯದು ಎಂಬುದು 1970ರ ದಶಕದಲ್ಲಿ ಖಚಿತವಾಯಿತು. ಅಷ್ಟರಲ್ಲಿ ಆ ಮೊಂಡುಮೂತಿ ಪಠ್ಯಪುಸ್ತಕಗಳಲ್ಲೂ ಆಟಿಕೆಗಳಲ್ಲೂ ನೆಲೆಯೂರಿತ್ತು. ಪ್ರದರ್ಶನದಲ್ಲಿ ಆದ ತಪ್ಪು ಎಷ್ಟು ದೂರ ಹರಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಪ್ರತಿಕೃತಿಗಳಿಗೆ ಲೋಕಪ್ರಸಿದ್ಧಿ ತಂದದ್ದು ಡಿಪ್ಲೊಡೋಕಸ್. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ ಅವರ ಸ್ಕಾಟ್ಲೆಂಡಿನ ಮನೆಯಲ್ಲಿ ಅದರ ಚಿತ್ರ ಕಂಡ ದೊರೆ ಏಳನೆಯ ಎಡ್ವರ್ಡ್, ಇಂಥದೊಂದು ಲಂಡನ್ನಿಗೂ ಬೇಕೆಂದರು. ವಯೋಮಿಂಗ್‌ನಲ್ಲಿ ಅಗೆದು ತೆಗೆದಿದ್ದ ಮೂಳೆಗಳಿಂದ ಪಿಟ್ಸ್‌ಬರ್ಗ್‌ನಲ್ಲಿ ಅಚ್ಚು ತೆಗೆದು, ಪ್ಲಾಸ್ಟರ್ ಎರಕದ 292 ಮೂಳೆಗಳನ್ನು 36 ಪೆಟ್ಟಿಗೆಗಳಲ್ಲಿ ತುಂಬಿ ಹಡಗಿಗೇರಿಸಲಾಯಿತು. 1905ರ ಮೇ 12ರಂದು ಲಂಡನ್ನಿನಲ್ಲಿ ಅನಾವರಣ. ಮುಂದಿನ ವರ್ಷಗಳಲ್ಲಿ ಬರ್ಲಿನ್, ಪ್ಯಾರಿಸ್, ವಿಯೆನ್ನಾ, ಬೊಲೋನ್ಯಾ, ಸೇಂಟ್ ಪೀಟರ್ಸ್‌ಬರ್ಗ್, ಲಾ ಪ್ಲಾಟಾ, ಮ್ಯಾಡ್ರಿಡ್‌ಗಳಿಗೂ ಅದೇ ಅಚ್ಚಿನ ಪ್ರತಿಕೃತಿಗಳು ಹೋದವು.

ಮೂಳೆಯಿಂದ ಮೈಗೆ

ಮಾದರಿಯ ಕೆಲಸ ಶುರುವಾಗುವುದು ಜೇಡಿಮಣ್ಣಿನಿಂದಲ್ಲ, ಅಸ್ಥಿಪಂಜರದ ನಕ್ಷೆಯಿಂದ. ಪಕ್ಕನೋಟದಲ್ಲಿ ಮೂಳೆಗಳನ್ನು ಬಿಳಿಯಾಗಿ, ಸುತ್ತಲಿನ ಮೈಯನ್ನು ಕಪ್ಪು ನೆರಳಾಗಿ ತೋರಿಸುವ ಕ್ರಮವನ್ನು 1980ರ ದಶಕದಲ್ಲಿ ಗ್ರೆಗರಿ ಪಾಲ್ ಜನಪ್ರಿಯಗೊಳಿಸಿದರು. ಇಂದಿಗೂ ಶಿಲ್ಪಿಯ ಮೇಜಿನ ಮೇಲೆ ಮೊದಲು ಬಂದು ಕೂರುವ ಕಾಗದ ಅದೇ. ಪೂರ್ತಿ ಅಸ್ಥಿಪಂಜರ ಸಿಗುವುದು ಅಪರೂಪ. ಎಡಗಾಲಿನ ಮೂಳೆ ಇಲ್ಲದಿದ್ದರೆ ಬಲಗಾಲಿನದನ್ನು ಕನ್ನಡಿಬಿಂಬವಾಗಿ ತಿರುಗಿಸಿಕೊಳ್ಳುತ್ತಾರೆ. ಎರಡೂ ಇಲ್ಲದಿದ್ದರೆ ಹತ್ತಿರದ ಸಂಬಂಧಿಯದನ್ನು ಗಾತ್ರಕ್ಕೆ ಹೊಂದಿಸುತ್ತಾರೆ. ಹೆಜ್ಜೆಗುರುತಿನ ಸಾಲುಗಳು ಕಾಲುಗಳ ನಡುವಿನ ಅಂತರವನ್ನು ಹೇಳುತ್ತವೆ. ಅವುಗಳ ನಡುವೆ ಬಾಲ ಎಳೆದ ಗೆರೆ ಇಲ್ಲವೇ ಇಲ್ಲ ಎನ್ನುವಷ್ಟು ವಿರಳವಾಗಿರುವುದರಿಂದಲೂ ಮಾದರಿಗಳಲ್ಲಿ ಬಾಲ ನೆಲ ಬಿಟ್ಟಿತು.

ಮಾಂಸಖಂಡಗಳಿಗೆ ಮೂಳೆಯ ಮೇಲಿನ ಗುರುತುಗಳೇ ಸಾಕ್ಷಿ. ಡೈನೊಸಾರ್‌ಗಳ ತೊಡೆಮೂಳೆಯ ಹಿಂಬದಿಯಲ್ಲಿ ಒಂದು ಉಬ್ಬು ಇರುತ್ತದೆ. ಬಾಲದ ಬುಡದಿಂದ ಬಂದು ಕಾಲನ್ನು ಹಿಂದಕ್ಕೆಳೆಯುವ ದೊಡ್ಡ ಸ್ನಾಯು ಅಂಟಿಕೊಳ್ಳುತ್ತಿದ್ದದ್ದು ಅಲ್ಲಿಯೇ. ಮೊಸಳೆಗಳಲ್ಲಿ ಅದನ್ನು ಇಂದಿಗೂ ನೋಡಬಹುದು. ಬಾಲದ ಬುಡ ಸಣಕಲಾಗಿರುವ ಟೈರನೊಸಾರಸ್ ಮಾದರಿಯನ್ನು ತಜ್ಞರು ಒಂದೇ ನೋಟಕ್ಕೆ ತಪ್ಪೆನ್ನಲು ಇದೇ ಕಾರಣ. ಗುರುತೇ ಉಳಿಯದ ಅಂಗಗಳ ವಿಷಯದಲ್ಲಿ ಲಾರೆನ್ಸ್ ವಿಟ್ಮರ್ 1995ರಲ್ಲಿ ರೂಪಿಸಿದ ಕ್ರಮವನ್ನು ಅನುಸರಿಸುತ್ತಾರೆ. ವಂಶವೃಕ್ಷದಲ್ಲಿ ಡೈನೊಸಾರ್‌ನ ಒಂದು ಪಕ್ಕಕ್ಕೆ ಮೊಸಳೆ, ಇನ್ನೊಂದು ಪಕ್ಕಕ್ಕೆ ಹಕ್ಕಿ. ಎರಡರಲ್ಲೂ ಇರುವ ಅಂಗ ನಡುವಿನದರಲ್ಲೂ ಇತ್ತೆಂದು ಧೈರ್ಯವಾಗಿ ಹೇಳಬಹುದು. ಒಂದರಲ್ಲಷ್ಟೇ ಇದ್ದರೆ ಎಚ್ಚರದಿಂದ ಹೇಳಬೇಕು. ಎರಡರಲ್ಲೂ ಇಲ್ಲದಿದ್ದರೆ ಬೇರೆಯೇ ಪುರಾವೆ ಬೇಕು. ತುಟಿಯ ಚರ್ಚೆ ಬಗೆಹರಿಯದೆ ಎಳೆದಾಡುತ್ತಿರುವುದು ಈ ಕೊನೆಯ ತೊಡಕಿನಿಂದ: ಮೊಸಳೆಗೂ ತುಟಿಯಿಲ್ಲ, ಹಕ್ಕಿಗೂ ಇಲ್ಲ. ಹಲ್ಲಿನ ದಂತಕವಚದ ಸವೆತವನ್ನು ಮೊಸಳೆಯ ಹಲ್ಲಿನೊಂದಿಗೆ ಹೋಲಿಸಿದ 2023ರ ಅಧ್ಯಯನವೊಂದು, ಟೈರನೊಸಾರಸ್‌ನಂಥ ಬೇಟೆಗಾರ ಪ್ರಾಣಿಗಳ ಹಲ್ಲು ಉಡದಲ್ಲಿರುವಂತೆ ತುಟಿಯ ಮರೆಯಲ್ಲಿತ್ತೆಂದು ವಾದಿಸಿತು. ಎಲ್ಲರೂ ಒಪ್ಪಿಲ್ಲ. ಆದರೂ ಈಚಿನ ಮಾದರಿಗಳಲ್ಲಿ ಬಾಯಿ ಮುಚ್ಚಿದಾಗ ಹಲ್ಲು ಕಾಣದಿರುವುದು ಹೆಚ್ಚಾಗುತ್ತಿದೆ.

ಮೂಳೆಗೆ ಚರ್ಮ ಬಿಗಿದು ಸುತ್ತಿದಂತೆ ತೋರಿಸುವುದು ಬಹುಕಾಲದ ಚಾಳಿ. ತಲೆಬುರುಡೆಯ ರಂಧ್ರಗಳು ಗುಳಿಗಳಾಗಿ, ಪಕ್ಕೆಲುಬುಗಳು ಎಣಿಸುವಂತೆ ಕಾಣುತ್ತಿದ್ದವು. ಜಾನ್ ಕಾನ್ವೇ, ಕೊಸೆಮನ್ ಮತ್ತು ಡ್ಯಾರೆನ್ ನೈಶ್ 2012ರ ತಮ್ಮ ಪುಸ್ತಕದಲ್ಲಿ ಇದನ್ನು ಬಲವಾಗಿ ಟೀಕಿಸಿದರು. ಆನೆಯ ಬುರುಡೆಯನ್ನಷ್ಟೇ ನೋಡಿದವರಿಗೆ ಸೊಂಡಿಲು ಹೊಳೆಯುವುದು ಹೇಗೆ? ಕೊಬ್ಬು, ನೆರಿಗೆ, ಜೋಲುಚರ್ಮ ಯಾವುದನ್ನೂ ಮೂಳೆ ಹೇಳುವುದಿಲ್ಲ. ಬೇಟೆಗಾರ ಡೈನೊಸಾರ್‌ಗಳ ಅಂಗೈ ನೆಲಕ್ಕೆ ಮುಖ ಮಾಡಿರುವುದು ಇನ್ನೊಂದು ಸಾಮಾನ್ಯ ತಪ್ಪು. ಅವುಗಳ ಮಣಿಕಟ್ಟು ಹಾಗೆ ತಿರುಗುತ್ತಿರಲಿಲ್ಲ; ಚಪ್ಪಾಳೆ ತಟ್ಟುವವರ ಕೈಗಳಂತೆ ಅಂಗೈಗಳು ಒಂದಕ್ಕೊಂದು ಎದುರಾಗಿರಬೇಕು.

ಹೊದಿಕೆ, ಬಣ್ಣ

ಚರ್ಮದ ಅಚ್ಚು ಕಲ್ಲಿನಲ್ಲಿ ಉಳಿದಿರುವ ಡೈನೊಸಾರ್‌ಗಳು ಕೆಲವು ಉಂಟು. ಅರ್ಜೆಂಟೀನಾದ ಕಾರ್ನೊಟಾರಸ್‌ನ ಚರ್ಮದಲ್ಲಿ ಹುರುಪೆಗಳು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೊದಿಸಿಕೊಂಡಿಲ್ಲ. ನೆಲಕ್ಕೆ ಹಾಸಿದ ಕಲ್ಲುಹರಳಿನಂತೆ ಪಕ್ಕಪಕ್ಕದಲ್ಲಿವೆ, ನಡುನಡುವೆ ದೊಡ್ಡ ಗುಬುಟುಗಳು. 1996ರಲ್ಲಿ ಚೀನಾದ ಲ್ಯಾವೊನಿಂಗ್ ಪ್ರಾಂತ್ಯದ ಸೈನೊಸಾರಾಪ್ಟೆರಿಕ್ಸ್ ಬೆಳಕಿಗೆ ಬಂದಾಗ ಅದರ ಬೆನ್ನುದ್ದಕ್ಕೂ ತುಪ್ಪುಳದ ಅಂಚು ಕಂಡಿತು. ವೆಲಾಸಿರಾಪ್ಟರ್‌ನ ಮುಂದೋಳಿನ ಮೂಳೆಯಲ್ಲಿ ಗರಿ ಅಂಟುವ ಗುಬುಟುಗಳಿವೆ ಎಂಬುದು 2007ರಲ್ಲಿ ವರದಿಯಾಯಿತು. ಆ ಬಳಿಕ ಗರಿಯಿಲ್ಲದ ವೆಲಾಸಿರಾಪ್ಟರ್ ಮಾದರಿಯನ್ನು ಸಿನಿಮಾದ ನೆನಪೆಂದು ಇಟ್ಟುಕೊಳ್ಳಬಹುದು, ವಿಜ್ಞಾನವೆಂದು ಅಲ್ಲ.

ಬಣ್ಣ ಎಂದೂ ತಿಳಿಯದು ಎಂದೇ ಬಹಳ ಕಾಲ ನಂಬಲಾಗಿತ್ತು. 2010ರಲ್ಲಿ ಪಳೆಯುಳಿಕೆಯ ಗರಿಗಳಲ್ಲಿ ಮೆಲನಿನ್ ಬಣ್ಣದ ಸೂಕ್ಷ್ಮ ಕಣಗಳನ್ನು ಗುರುತಿಸಿದ ವಿಜ್ಞಾನಿಗಳು, ಸೈನೊಸಾರಾಪ್ಟೆರಿಕ್ಸ್‌ನ ಬಾಲದಲ್ಲಿ ಕೆಂಗಂದು ಮತ್ತು ಬಿಳಿಯ ಪಟ್ಟೆಗಳಿದ್ದವೆಂದರು.

ಈ ವಿದ್ಯೆಯ ಅತ್ಯುತ್ತಮ ಫಲ ಫ್ರಾಂಕ್‌ಫರ್ಟಿನ ಸೆಂಕೆನ್‌ಬರ್ಗ್ ವಸ್ತುಸಂಗ್ರಹಾಲಯದಲ್ಲಿರುವ ಸಿಟ್ಟಾಕೊಸಾರಸ್ ಪಳೆಯುಳಿಕೆಯನ್ನು ಆಧರಿಸಿದ ಮಾದರಿ. ಸಿಟ್ಟಾಕೊಸಾರಸ್ ನಾಯಿಯ ಗಾತ್ರದ, ಗಿಣಿಕೊಕ್ಕಿನ ಸಸ್ಯಾಹಾರಿ. ಲ್ಯಾವೊನಿಂಗ್‌ನಿಂದಲೇ ಬಂದ ಈ ಕಲ್ಲಿನ ಮೇಲೆ ಚರ್ಮ, ಬಾಲದ ಮೇಲಿನ ಉದ್ದನೆಯ ಬಿರುಗೂದಲು, ಬಣ್ಣದ ಶೇಷ ಎಲ್ಲವೂ ಉಳಿದಿವೆ. ಬ್ರಿಸ್ಟಲ್‌ನ ಯಾಕೊಬ್ ವಿಂಥರ್ ಮತ್ತು ಅವರ ಜೊತೆಗಾರರ ಅಧ್ಯಯನಕ್ಕಾಗಿ ಶಿಲ್ಪಿ ರಾಬರ್ಟ್ ನಿಕೋಲ್ಸ್ ಮೂಳೆ ಮೂಳೆಯ ಅಳತೆ ಹಿಡಿದು ಪೂರ್ಣ ಗಾತ್ರದ ಮಾದರಿಯನ್ನು ರೂಪಿಸಿದರು. ಚಪ್ಪಟೆ ಕಲ್ಲಿನಲ್ಲಿದ್ದ ಬಣ್ಣದ ಹರಹನ್ನು ದುಂಡು ಮೈಯ ಮೇಲೆ ಕೂರಿಸಿದಾಗ ಬೆನ್ನು ಕಡುಕಂದು, ಹೊಟ್ಟೆ ಮತ್ತು ಬಾಲದ ಅಡಿ ತೆಳುಬಣ್ಣ, ಮುಖ ಇನ್ನೂ ಗಾಢ ಎಂದು ಗೊತ್ತಾಯಿತು. ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಅದೇ ಅಚ್ಚಿನ ಇನ್ನೊಂದು ಎರಕಕ್ಕೆ ಬರೀ ಬೂದುಬಣ್ಣ ಬಳಿದು, ಬ್ರಿಸ್ಟಲ್‌ನ ಸಸ್ಯೋದ್ಯಾನದಲ್ಲಿ ಬಯಲಿನಲ್ಲೊಮ್ಮೆ, ಮರಗಳ ನೆರಳಿನಲ್ಲೊಮ್ಮೆ ಇಟ್ಟು ಚಿತ್ರ ತೆಗೆದು, ಮೈಮೇಲೆ ನೆರಳು ಬೀಳುವ ಬಗೆಯನ್ನು ಅಳೆದರು. ಪ್ರಾಣಿಯ ನಿಜವಾದ ಬಣ್ಣದ ಹಂಚಿಕೆ ಮರೆಮಾಚುವುದು ಮರಗಳಡಿಯ ಹರಡಿದ ಬೆಳಕಿನ ನೆರಳನ್ನೇ. ಅದು ಕಾಡಿನ ಪ್ರಾಣಿಯೆಂಬ 2016ರ ತೀರ್ಮಾನಕ್ಕೆ ಮಾದರಿಯೇ ಸಾಧನವಾಯಿತು. ಶಿಲ್ಪ ವಿಜ್ಞಾನದ ಅಲಂಕಾರವಾಗಿ ಉಳಿಯದೆ ಅದರ ಉಪಕರಣವೇ ಆದ ಇಂಥ ಸಂದರ್ಭಗಳು ಹೆಚ್ಚು ಪ್ರಚಾರಕ್ಕೆ ಅರ್ಹ.

ಅಚ್ಚು ಮತ್ತು ಎರಕ

ಒಂದು ಬೆನ್ನುಮಣಿಯ ಪ್ರತಿಕೃತಿ ತಯಾರಾಗುವ ಬಗೆಯನ್ನು ನೋಡಿದರೆ ಇಡೀ ಕೆಲಸ ಅರ್ಥವಾಗುತ್ತದೆ. ಮೂಳೆಯ ಸಂದುಗಳಿಗೆ ಮೊದಲು ತೆಳುವಾದ ಅಂಟು ಕುಡಿಸಿ ಗಟ್ಟಿ ಮಾಡುತ್ತಾರೆ. ಆಳವಾದ ತೂತುಗಳಿಗೆ ಮೇಣ ಅಥವಾ ಜೇಡಿ ತುಂಬುತ್ತಾರೆ, ಇಲ್ಲವಾದರೆ ರಬ್ಬರು ಒಳಗೆ ಸಿಕ್ಕಿಕೊಂಡು ಮೂಳೆಯನ್ನೇ ಕಿತ್ತೀತು. ಬಳಿಕ ಮಣಿಯನ್ನು ಅರ್ಧ ಮುಳುಗುವಂತೆ ಜೇಡಿಯಲ್ಲಿ ಹುದುಗಿಸಿ, ಸುತ್ತಲಿನ ಜೇಡಿಯಲ್ಲಿ ಬೆರಳತುದಿಯಷ್ಟು ಗುಳಿಗಳನ್ನು ಒತ್ತುತ್ತಾರೆ. ಎರಡು ಹೋಳುಗಳೂ ಮುಂದೆ ಒಂದಕ್ಕೊಂದು ಸರಿಯಾಗಿ ಕೂರುವುದು ಈ ಗುಳಿಗಳಿಂದ. ಸಿಲಿಕೋನ್ ರಬ್ಬರಿನ ಮೊದಲ ಪದರವನ್ನು ಕುಂಚದಿಂದ ತೆಳ್ಳಗೆ ಬಳಿದು ಗುಳ್ಳೆಗಳನ್ನು ಒಡೆಯುತ್ತಾರೆ. ಮೂಳೆಯ ನವಿರು ಗೆರೆಗಳನ್ನು ಹಿಡಿಯುವುದು ಈ ಪದರವೇ. ಮೇಲಿನ ಪದರಗಳು ದಪ್ಪ. ರಬ್ಬರು ಬಳುಕದಂತೆ ಹೊರಗಡೆ ಪ್ಲಾಸ್ಟರ್ ಅಥವಾ ಫೈಬರ್‌ಗ್ಲಾಸಿನ ಚಿಪ್ಪು. ಒಣಗಿದ ಮೇಲೆ ಮಗುಚಿ ಹಾಕಿ, ಜೇಡಿ ತೆಗೆದು, ರಬ್ಬರಿಗೆ ರಬ್ಬರು ಅಂಟದಂತೆ ಲೇಪ ಹಚ್ಚಿ, ಇನ್ನೊಂದು ಹೋಳನ್ನೂ ಹಾಗೆಯೇ ಮಾಡುತ್ತಾರೆ. ಗಣಪತಿ ಮೂರ್ತಿ ಮಾಡುವವರ ಎರಡು ಹೋಳಿನ ಅಚ್ಚನ್ನು ಕಂಡವರಿಗೆ ಇದರ ತತ್ತ್ವ ಹೊಸದಲ್ಲ. ಒಳಗೆ ಪಾಲಿಯುರೆಥೇನ್ ರೆಸಿನ್ ಹೊಯ್ದು ಬಿಡಿಸಿದಾಗ ಹೋಳುಗಳ ನಡುವಿನ ಏಣು ಉಳಿಯುತ್ತದೆ. ಅದನ್ನು ಉಜ್ಜಿ, ಮೂಲದ ಬಣ್ಣ ನೋಡಿಕೊಂಡು ಬಣ್ಣ ಹಾಕುತ್ತಾರೆ.

ನಿಜವಾದ ಮೂಳೆಯ ಬದಲು ಪ್ರತಿಕೃತಿಯನ್ನು ನಿಲ್ಲಿಸಲು ಹಲವು ಕಾರಣಗಳಿವೆ. ಪಳೆಯುಳಿಕೆ ಕಲ್ಲಾದ್ದರಿಂದ ಬಲು ಭಾರ. ಷಿಕಾಗೋದ ಫೀಲ್ಡ್ ವಸ್ತುಸಂಗ್ರಹಾಲಯದ 'ಸೂ' ಎಂಬ ಟೈರನೊಸಾರಸ್‌ನ ತಲೆಬುರುಡೆ ಸುಮಾರು 270 ಕಿಲೋ ತೂಗುತ್ತದೆ. ಹಾಗಾಗಿ ಅಸ್ಥಿಪಂಜರಕ್ಕೆ ಹಗುರವಾದ ಎರಕದ ತಲೆ ಜೋಡಿಸಿ, ನಿಜವಾದದ್ದನ್ನು ಬೇರೆ ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗಿದೆ. ಸಂಶೋಧಕರಿಗೂ ಅದು ಅನುಕೂಲ. 2000ದಲ್ಲಿ ಮೊದಲು ನಿಲ್ಲಿಸಿದಾಗ ಬಿಟ್ಟಿದ್ದ ಹೊಟ್ಟೆಪಕ್ಕೆಲುಬುಗಳನ್ನು 2018ರಲ್ಲಿ ಸೇರಿಸಿದ ಮೇಲೆ ಸೂವಿನ ಮೈ ಮೊದಲಿಗಿಂತ ತುಂಬಿಕೊಂಡಂತಾಯಿತು.

ಸ್ಕ್ಯಾನಿಂಗ್ ಬಂದ ಮೇಲೆ ಅಚ್ಚಿಗಾಗಿ ಮೂಳೆಯನ್ನು ಮುಟ್ಟಲೇಬೇಕೆಂದಿಲ್ಲ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್‌ನಲ್ಲಿ 1905ರಿಂದ ನಿಂತಿದ್ದ ಟ್ರೈಸೆರಟಾಪ್ಸ್ ಹಲವು ಪ್ರಾಣಿಗಳ ಮೂಳೆಗಳ ಕೂಡಿಕೆ. ತಲೆ ಮೈಗಿಂತ ಚಿಕ್ಕದಾಗಿತ್ತು. 1990ರ ದಶಕದ ಕೊನೆಗೆ ಅದನ್ನು ಬಿಚ್ಚಿ, ಮೂಳೆಗಳನ್ನು ಸ್ಕ್ಯಾನ್ ಮಾಡಿ, ಗಣಕದಲ್ಲಿ ಅಳತೆ ಹೊಂದಿಸಿ, ಕಾಣೆಯಾದವನ್ನು ಕನ್ನಡಿಬಿಂಬದಿಂದ ತುಂಬಿ ಹೊಸ ಎರಕ ಮಾಡಲಾಯಿತು. ಅರ್ಜೆಂಟೀನಾದ ಪ್ಯಾಟಗೊಟೈಟನ್‌ನ 37 ಮೀಟರು ಉದ್ದದ ಪ್ರತಿಕೃತಿಯನ್ನು 2016ರಲ್ಲಿ ನ್ಯೂಯಾರ್ಕಿನಲ್ಲಿ ನಿಲ್ಲಿಸಲು ಸಾಧ್ಯವಾದದ್ದೂ ಸ್ಕ್ಯಾನಿಂಗ್ ಮತ್ತು ಹಗುರವಾದ ಫೈಬರ್‌ಗ್ಲಾಸಿನಿಂದ. ಆದರೂ ಸಭಾಂಗಣ ಸಾಲದೆ ಅದರ ತಲೆ ಬಾಗಿಲಾಚೆ ಚಾಚಿಕೊಂಡಿದೆ.

ಪೂರ್ಣ ಗಾತ್ರದ ಮಾದರಿಗೆ ಮೊದಲು ಚಿಕ್ಕ ಅಳತೆಯದೊಂದನ್ನು ಮಾಡಿ ತಜ್ಞರಿಗೆ ತೋರಿಸುತ್ತಾರೆ. ತಿದ್ದುಪಡಿ ಅಲ್ಲಿ ಅಗ್ಗ, ದೊಡ್ಡದರಲ್ಲಿ ದುಬಾರಿ. ಒಪ್ಪಿಗೆಯಾದ ಮೇಲೆ ಉಕ್ಕಿನ ಹಂದರ, ಅದರ ಮೇಲೆ ಯಂತ್ರದಿಂದ ಕತ್ತರಿಸಿದ ಫೋಮ್, ಮೇಲೆ ಎಣ್ಣೆಜೇಡಿ. ಹುರುಪೆಗಳನ್ನು ಒಂದೊಂದಾಗಿ ಕೆತ್ತುವುದೂ ಉಂಟು, ರಬ್ಬರಿನ ಒತ್ತಚ್ಚಿನಿಂದ ಮೂಡಿಸುವುದೂ ಉಂಟು. ಒಂದೇ ಒತ್ತಚ್ಚು ಮತ್ತೆ ಮತ್ತೆ ಬಿದ್ದದ್ದು ಕಣ್ಣಿಗೆ ಬೇಗ ಗೊತ್ತಾಗುವುದರಿಂದ ನುರಿತವರು ಅದನ್ನು ಹಿತಮಿತವಾಗಿ ಬಳಸುತ್ತಾರೆ. ಹೀಗೆ ಫೈಬರ್‌ಗ್ಲಾಸಿನಲ್ಲಿ ತಯಾರಾದವುಗಳಲ್ಲಿ 1964ರ ನ್ಯೂಯಾರ್ಕ್ ವಿಶ್ವಮೇಳಕ್ಕೆ ಲೂಯಿ ಪಾಲ್ ಜೋನಾಸ್ ಮಾಡಿಕೊಟ್ಟ ಒಂಬತ್ತು ಡೈನೊಸಾರ್‌ಗಳು ಪ್ರಸಿದ್ಧ. ಅವು ಹಡ್ಸನ್ ನದಿಯಲ್ಲಿ ದೋಣಿಯ ಮೇಲೆ ನಗರಕ್ಕೆ ಬಂದವು.

ಸಂಗ್ರಾಹಕರ ಮಾದರಿಗಳು

ಕಪಾಟಿನಲ್ಲಿಡುವ ಮಾದರಿಗೆ ಅಳತೆಯ ಅನುಪಾತವೇ ಮುಖ್ಯ. 1:40ರಲ್ಲಿ 12 ಮೀಟರಿನ ಟೈರನೊಸಾರಸ್ 30 ಸೆಂಟಿಮೀಟರ್ ಆಗುತ್ತದೆ. ಎಲ್ಲ ಜಾತಿಗಳನ್ನೂ ಅದೇ ಅನುಪಾತದಲ್ಲಿ ಮಾಡಿದಾಗ ಮಾತ್ರ ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಬರುತ್ತದೆ. ಬ್ರಿಟನ್ನಿನ ಇನ್ವಿಕ್ಟ ಸಂಸ್ಥೆ 1970ರ ದಶಕದಲ್ಲಿ ಲಂಡನ್ನಿನ ನಿಸರ್ಗ ವಿಜ್ಞಾನ ಸಂಗ್ರಹಾಲಯದ ಸಹಯೋಗದಲ್ಲಿ ಏಕವರ್ಣದ ಪ್ಲಾಸ್ಟಿಕ್ ಮಾದರಿಗಳನ್ನು ತಂದಿತು. ಜೀವಬಲವಿಜ್ಞಾನಿ ಮೆಕ್‌ನೀಲ್ ಅಲೆಕ್ಸಾಂಡರ್ ಇಂಥ ಅಂಗಡಿಯ ಮಾದರಿಗಳನ್ನೇ ನೀರಿನಲ್ಲಿ ಮುಳುಗಿಸಿ ಡೈನೊಸಾರ್‌ಗಳ ತೂಕವನ್ನು ಅಂದಾಜು ಮಾಡಿದರು. 1:40ರ ಮಾದರಿಯ ಗಾತ್ರವನ್ನು 64,000ದಿಂದ ಗುಣಿಸಿದರೆ ಪ್ರಾಣಿಯ ಗಾತ್ರ ಬರುತ್ತದೆ. ಶಿಲ್ಪಿ ಹೊಟ್ಟೆಯನ್ನು ಒಂದು ಕೂದಲೆಳೆ ಉಬ್ಬಿಸಿದರೂ ಲೆಕ್ಕದಲ್ಲಿ ನೂರಾರು ಕಿಲೋ ಏರುಪೇರು. ನಿಖರತೆ ಬರಿಯ ಅಂದಚೆಂದದ ಪ್ರಶ್ನೆಯಲ್ಲ ಎಂಬುದಕ್ಕೆ ಈ ಗುಣಾಕಾರವೇ ಸಾಕು.

ಪಿಟ್ಸ್‌ಬರ್ಗ್‌ನ ಕಾರ್ನೆಗಿ ವಸ್ತುಸಂಗ್ರಹಾಲಯದ ಹೆಸರಿನಲ್ಲಿ ಸಫಾರಿ ಸಂಸ್ಥೆ 1988ರಿಂದ 2015ರವರೆಗೆ ಹೊರತಂದ ಸರಣಿಯ ಬಹುಪಾಲು ಶಿಲ್ಪಗಳು ಫಾರೆಸ್ಟ್ ರೋಜರ್ಸ್ ಅವರವು. ಇಂದು ಚೀನಾದ ಪಿ.ಎನ್.ಎಸ್.ಒ. ಸಂಸ್ಥೆಯ, ಕಲೆಕ್ಟ್‌ಎ ಸಂಸ್ಥೆಯ ಮಾದರಿಗಳೂ ಡೇವಿಡ್ ಸಿಲ್ವ ಅವರ 1:6ರ ಗರಿಯುಳ್ಳ ಕೀಲುಗೊಂಬೆಗಳೂ ಸಂಗ್ರಾಹಕರಿಗೆ ಪ್ರಿಯ. ಎರಡು ಕಾಲಿನ ಪ್ರಾಣಿಯನ್ನು ಬೀಳದಂತೆ ನಿಲ್ಲಿಸುವುದು ಈ ತಯಾರಕರೆಲ್ಲರ ಹಳೆಯ ತಲೆನೋವು. ಪಾದವನ್ನು ದೊಡ್ಡದು ಮಾಡಿದರೆ ಅಳತೆ ಕೆಡುತ್ತದೆ. ಬಾಲ ಊರಿಸಿದರೆ ವಿಜ್ಞಾನ ಕೆಡುತ್ತದೆ. ಪೀಠದ ಮೇಲೆ ನಿಲ್ಲಿಸುವುದೇ ಮರ್ಯಾದೆಯ ದಾರಿ.

ಮೂಲ ಪಳೆಯುಳಿಕೆಗಳ ವ್ಯಾಪಾರ ಬೆಳೆದಂತೆ ಪ್ರತಿಕೃತಿಗಳ ಬೆಲೆ ತಿಳಿಯುತ್ತಿದೆ. 'ಸ್ಟ್ಯಾನ್' ಎಂಬ ಟೈರನೊಸಾರಸ್ 2020ರಲ್ಲಿ 3.18 ಕೋಟಿ ಡಾಲರಿಗೆ ಹರಾಜಾಯಿತು. ಆದರೆ ಅದಕ್ಕೂ ಮೊದಲೇ ಅದರ ಹತ್ತಾರು ಎರಕಗಳು ಜಗತ್ತಿನ ಸಂಗ್ರಹಾಲಯಗಳನ್ನು ಸೇರಿದ್ದವು. ಮಂಗೋಲಿಯದಿಂದ ಕಳ್ಳಸಾಗಣೆಯಾಗಿ 2012ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂದ ಟಾರ್ಬೊಸಾರಸ್ ಮರುವರ್ಷ ತಾಯ್ನಾಡಿಗೆ ಮರಳಿತು. ಮೂಲ ತನ್ನ ನೆಲದಲ್ಲೇ ಉಳಿದು ಪ್ರತಿಕೃತಿ ಊರೂರು ಸುತ್ತುವುದು ಇಂಥ ಕಳವಿಗಿಂತ ಎಷ್ಟೋ ಮೇಲು.

ಭಾರತದಲ್ಲಿ

ಕೊಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ನಿಂತಿರುವ ಬರಾಪಾಸಾರಸ್ ಟಾಗೋರೈ ಭಾರತದಲ್ಲಿ ಜೋಡಿಸಿದ ಮೊದಲ ಡೈನೊಸಾರ್ ಅಸ್ಥಿಪಂಜರ. ಗೋದಾವರಿ ಕಣಿವೆಯ ಕೋಟಾ ಶಿಲಾಸ್ತರಗಳಲ್ಲಿ 1960ರ ಆಸುಪಾಸಿನಲ್ಲಿ ಅಗೆದು ತೆಗೆದ ಸುಮಾರು 300 ಮೂಳೆಗಳು ಕನಿಷ್ಠ ಆರು ಪ್ರಾಣಿಗಳಿಗೆ ಸೇರಿದವು. 1975ರಲ್ಲಿ ಅದಕ್ಕೆ ಹೆಸರಿಟ್ಟಾಗ 'ದೊಡ್ಡ ಕಾಲು' ಎಂಬರ್ಥದ ಬಂಗಾಳಿ ಮಾತಿನೊಂದಿಗೆ ರವೀಂದ್ರನಾಥ ಠಾಕೂರರ ನೆನಪನ್ನೂ ಸೇರಿಸಿದರು. ಹಲ್ಲುಗಳು ಕೆಲವು ದೊರೆತವೇ ಹೊರತು ತಲೆಬುರುಡೆ ಸಿಕ್ಕಿಲ್ಲ. ಹಾಗಾಗಿ ಬರಾಪಾಸಾರಸ್‌ನ ಯಾವ ಮಾದರಿಯಲ್ಲೇ ಆಗಲಿ, ತಲೆ ಸಂಬಂಧಿಗಳಿಂದ ಎರವಲು ಪಡೆದದ್ದು. ಅದೇ ಶಿಲಾಸ್ತರದ ಕೋಟಾಸಾರಸ್‌ನ ಅಸ್ಥಿಪಂಜರ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿದೆ.

ಗುಜರಾತಿನ ರೈಯೋಲಿಯಲ್ಲಿ ಸಿಕ್ಕಿ 2003ರಲ್ಲಿ ಹೆಸರು ಪಡೆದ ರಾಜಾಸಾರಸ್ ನರ್ಮದೆನ್ಸಿಸ್, ಹಣೆಯ ಮೇಲೆ ಗಿಡ್ಡ ಕೊಂಬಿನ ಬೇಟೆಗಾರ. ಮಿದುಳುಗೂಡು ಮತ್ತು ಮೈಯ ಕೆಲವು ಮೂಳೆಗಳಷ್ಟೇ ದೊರೆತಿರುವುದರಿಂದ ಮುಖದ ಉಳಿದ ಭಾಗವನ್ನು ಮಡಗಾಸ್ಕರಿನ ಮಜುಂಗಸಾರಸ್ ನೋಡಿ ತುಂಬಿಕೊಳ್ಳಬೇಕು. ಪಳೆಯುಳಿಕೆ ಸಿಕ್ಕ ಜಾಗದ ಪಕ್ಕದಲ್ಲೇ 2019ರಲ್ಲಿ ಸಂಗ್ರಹಾಲಯ ತೆರೆದಿದೆ.

ಕರ್ನಾಟಕದ ನೆಲದ ಬಹುಭಾಗ ಡೈನೊಸಾರ್‌ಗಳಿಗಿಂತ ಬಹಳ ಹಳೆಯ ಶಿಲೆ. ಇಲ್ಲಿನ ಮಕ್ಕಳು ಡೈನೊಸಾರನ್ನು ಮೊದಲು ಕಾಣುವುದು ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಂಥ ಕಡೆ, ಕತ್ತು ಆಡಿಸಿ ಗರ್ಜಿಸುವ ಯಾಂತ್ರಿಕ ಮಾದರಿಯಾಗಿ. ಗರ್ಜನೆಗೆ ಪಳೆಯುಳಿಕೆಯ ಆಧಾರವಿಲ್ಲ. ಗಂಟಲಿನ ಮೃದು ಅಂಗಗಳು ಕಲ್ಲಾಗಿ ಉಳಿಯುವುದು ತೀರ ಅಪರೂಪ. ಮೊಸಳೆ ಮತ್ತು ಕೆಲವು ಹಕ್ಕಿಗಳು ಬಾಯಿ ಮುಚ್ಚಿಕೊಂಡೇ ಹೊರಡಿಸುವ ಗುಡುಗುಡು ದನಿ ಡೈನೊಸಾರ್‌ಗಳಿಗೆ ಹೆಚ್ಚು ಹೊಂದುತ್ತದೆ ಎಂಬ ವಾದವಿದೆ. ಹೊರಮೈಗೆ ಕೊಡುವ ಗಮನವನ್ನು ಇಂಥ ಮಾದರಿಗಳ ದನಿಗೂ ಚಲನೆಗೂ ಕೊಡುವುದು ಇನ್ನೂ ಆಗಬೇಕಾದ ಕೆಲಸ.